ದೋಣಿಯೊಳಗಿನ ಬೆಂಡು

ಹಳ್ಳಿಯ ಬಾವಿಯಲ್ಲಿ ಈಜು ಕಲಿತವರಿಗೆ ಬೆಂಡಿನ ಪರಿಚಯ ಮಾಡಿಕೊಡಬೇಕಾದುದಿಲ್ಲ. ಹುಡುಗನ ನಡುವಿಗೆ ಬೆಂಡಿನ ಕಟ್ಟನ್ನೋ ಒಣಗಿದ ಸೋರೆಬುರುಡೆಯನ್ನೋ ಬಿಗಿದು ಹಿರಿಯರು ನೀರಿಗೆ ನೂಕುತ್ತಿದ್ದರು. ಹುಡುಗ ಕೈಕಾಲು ಬಡಿಯುವುದನ್ನು ಮರೆತರೂ ಬೆಂಡು ತನ್ನ ಕೆಲಸವನ್ನು ಮರೆಯುತ್ತಿರಲಿಲ್ಲ. ಅದೇ ಬೆಂಡನ್ನು ಪುಟ್ಟ ಹಾಯಿದೋಣಿಯೊಂದರ ನಡುವಿಗೆ ಕಟ್ಟುವ ವಿಚಾರವನ್ನು ಇಂದು ಹೇಳಬೇಕೆಂದಿದ್ದೇನೆ.

ಜಯನಗರಕ್ಕೂ ಹಾಯಿದೋಣಿಗೂ ಎಲ್ಲಿಯ ನಂಟು ಎಂದು ಕೇಳುಗರು ನಗಬಹುದು. ಹಾಯಿ ಬಿಚ್ಚುವುದನ್ನು ನೋಡಬೇಕಾದರೆ ನಾವು ಹಲಸೂರಿಗೆ ಹೋಗಬೇಕು, ಇಲ್ಲವೇ ಕೃಷ್ಣರಾಜಸಾಗರದ ಹಿನ್ನೀರಿಗೆ. ಆದರೂ ಕಳೆದ ವರ್ಷ ನಮ್ಮ ಬೀದಿಯ ಒಂದು ಮನೆಯಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಹನ್ನೆರಡು ಅಡಿಯ ಹಳೆಯ ಫೈಬರ್ ದೋಣಿಯೊಂದು ಬೋರಲಾಗಿ ಮಲಗಿತ್ತು. ಮನೆಯ ಯಜಮಾನರು ಮೊಮ್ಮಗಳಿಗಾಗಿ ಅದನ್ನು ಕೊಂಡು ತಂದಿದ್ದರು. ನಾನು ಭೌತಶಾಸ್ತ್ರದ ಪಾಠ ಹೇಳಿದವನೆಂಬ ಕಾರಣಕ್ಕೆ ಕರೆದು, "ಮೇಷ್ಟ್ರೇ, ಇದು ಮಗುಚಿದರೆ ಮುಳುಗುತ್ತದೆಯೆ?" ಎಂದು ಕೇಳಿದರು.

ಪುಟ್ಟ ಹಾಯಿದೋಣಿ ಮಗುಚಿಯೇ ಮಗುಚುತ್ತದೆ. ಅದು ಅಪಘಾತವಲ್ಲ, ಕಲಿಕೆಯ ಒಂದು ಭಾಗ. ಮಗುಚಿದ ಮೇಲೆ ಹಿಡಿದುಕೊಳ್ಳಲು ಏನು ಉಳಿಯುತ್ತದೆ ಎಂಬುದೇ ಪ್ರಶ್ನೆ. ಮರದ ದೋಣಿಯಲ್ಲಿ ನೀರು ತುಂಬಿದರೂ ಮರವೇ ಅದನ್ನು ತೇಲಿಸೀತು. ಫೈಬರ್ ಗ್ಲಾಸ್ ಹಾಗಲ್ಲ. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಒಳಗೆ ಗಾಳಿ ಇರುವವರೆಗೆ ಮಾತ್ರ ಅದು ದೋಣಿ. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ಸತ್ತರು. ಅದು ಹಾಯಿದೋಣಿಯಲ್ಲ, ಅಲ್ಲಿನ ಕಾರಣಗಳೂ ಬೇರೆ. ಆದರೆ ನೀರಿಗೆ ಬಿದ್ದವನಿಗೆ ಆಸರೆ ಎಂದರೇನೆಂಬುದನ್ನು ಅಂಥ ಸುದ್ದಿಯಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಇನ್ನು ಲೆಕ್ಕ. ದೋಣಿಯ ಒಡಲು 90 ಕಿಲೋ ಇದ್ದರೆ ನೀರಿನೊಳಗೆ ಅದರ ಭಾರ 30 ಕಿಲೋ. ಕಂಬ, ಕಬ್ಬಿಣ, ಹಗ್ಗಗಳದು ಇನ್ನೊಂದು 20 ಎನ್ನಿ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು ದೋಣಿ ಹಿಡಿದವನಿಗೆ ಏಳೆಂಟು ಕಿಲೋ ಆಸರೆ ಸಾಕು, ಇಬ್ಬರಿಗೆ 15. ಒಟ್ಟು 65. ಒಂದು ಲೀಟರ್ ಜಾಗವನ್ನು ನೀರಿಗೆ ಬಿಟ್ಟುಕೊಡದಿದ್ದರೆ ಒಂದು ಕಿಲೋ ತೇಲುತ್ತದೆ. ಆದರೆ ದೋಣಿ ಪಕ್ಕಕ್ಕೆ ಮಗುಚಿದಾಗ ಕೆಳಗಿನ ಬದಿಯ ಬೆಂಡಷ್ಟೇ ಕೆಲಸ ಮಾಡುತ್ತದೆ, ಮೇಲಿನದು ಗಾಳಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಆದುದರಿಂದ ಎರಡರಷ್ಟು ಬೇಕು. ಬೆಂಡಿನ ಸ್ವಂತ ತೂಕವನ್ನೂ ಸೇರಿಸಿಕೊಂಡರೆ 140 ಲೀಟರ್. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನುಗಳು ಏಳು! ಇಷ್ಟು ಜಾಗ ತುಂಬುವ ಒಳ್ಳೆಯ ಫೋಮಿನ ತೂಕ ನಾಲ್ಕು ಕಿಲೋ ಚಿಲ್ಲರೆ ಮಾತ್ರ.

ಯಾವ ಫೋಮು? ಯಜಮಾನರ ಮನೆಯಲ್ಲಿ ಗೌರಿಹಬ್ಬದ ಮಂಟಪದ ಥರ್ಮೋಕೋಲ್ ಇತ್ತು, ಹಳೆಯ ಹಾಸಿಗೆಯ ಸ್ಪಂಜೂ ಇತ್ತು. ಸ್ಪಂಜಿನ ಕಣಗಳು ಒಂದಕ್ಕೊಂದು ತೆರೆದಿರುತ್ತವೆ. ಅದು ನೀರು ಕುಡಿದು ದೋಣಿಯನ್ನು ತಾನೇ ಕೆಳಗೆಳೆಯುತ್ತದೆ. ಮುಚ್ಚಿದ ಕಣಗಳ ಫೋಮೇ ಆಗಬೇಕು. ಥರ್ಮೋಕೋಲಿನ ಕಣ ಮುಚ್ಚಿದ್ದರೂ ಕಾಳುಕಾಳಿನ ನಡುವೆ ನೀರು ನುಸುಳುತ್ತದೆ, ಪೆಟ್ರೋಲ್ ತಾಗಿದರೆ ಕರಗುತ್ತದೆ. ಫೈಬರ್ ಅಂಟಿಸುವ ಪಾಲಿಯೆಸ್ಟರ್ ರಾಳವನ್ನು ಅದರ ಮೇಲೆ ಬಳಿದಾಗ ಅದು ಬಿಸಿನೀರು ಬಿದ್ದ ಬೆಲ್ಲದಚ್ಚಿನಂತೆ ಕುಗ್ಗಿದುದನ್ನು ಯಜಮಾನರೇ ನೋಡಿ ದಂಗಾದರು. ಕೆರೆಗೆ ಉದುರುವ ಬಿಳಿಯ ಕಾಳುಗಳ ಪಾಡನ್ನು ಪುಟ್ಟೇನಹಳ್ಳಿ, ಮಡಿವಾಳ ಕೆರೆಗಳ ಸುತ್ತ ನಡೆದಾಡುವವರನ್ನೇ ಕೇಳಬೇಕು. ಎರಡು ದ್ರವ ಬೆರೆಸಿ ಸುರಿದರೆ ಉಬ್ಬಿಕೊಳ್ಳುವ ಫೋಮೂ ಉಂಟು. ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ವರ್ಷಗಳು ಕಳೆದಂತೆ ಅದೂ ನೀರು ಹೀರುತ್ತದೆ, ಹೀರಿದ ಮೇಲೆ ಕಿತ್ತು ತೆಗೆಯಲಾಗದು. ಕೊನೆಗೆ ನಾವು ಕೊಂಡದ್ದು ಅಚ್ಚಿನಿಂದ ಒತ್ತಿ ತೆಗೆದ ಗಟ್ಟಿ ಪಾಲಿಸ್ಟೈರೀನ್ ಹಲಗೆಗಳನ್ನು, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ.

ಫೋಮಿನ ಸಾಮರ್ಥ್ಯಕ್ಕೆ ಜಗತ್ತೇ ಬೆರಗಾದ ದಿನವೊಂದಿದೆ. 1961ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದ ಚಿತ್ರಗಳಲ್ಲಿ, ಅಮೆರಿಕದ 'ಬಾಸ್ಟನ್ ವೇಲರ್' ದೋಣಿಯ ತಯಾರಕ ರಿಚರ್ಡ್ ಫಿಶರ್ ಕುಳಿತಿದ್ದಂತೆಯೇ ದೋಣಿಯನ್ನು ಗರಗಸದಿಂದ ಇಬ್ಭಾಗ ಮಾಡಲಾಯಿತು; ತುಂಡುಗಳು ತೇಲಿದವು. ಅಲ್ಲಿ ಎರಡು ಪದರಗಳ ನಡುವೆ ಫೋಮು ಒಡಲಿಗೆ ಒಡಲಾಗಿತ್ತು. ನಮ್ಮಂಥವರು ಹೊರಗಿನಿಂದ ಕಟ್ಟುವವರು, ಎಲ್ಲಿ ಕಟ್ಟಬೇಕೆಂದು ಯೋಚಿಸಬೇಕು.

ಯಜಮಾನರಿಗೆ ಎಲ್ಲವನ್ನೂ ತಳದಲ್ಲಿ ಹಾಸುವ ಆಸೆ. ಹಾಗೆ ಮಾಡಿದರೆ ನೀರು ತುಂಬಿದ ದೋಣಿ ಬೋರಲಾಗಿ, ಬೋರಲಾದಂತೆಯೇ ಸುಖವಾಗಿ ನೆಲೆಸುತ್ತದೆ. ಬೆಂಡು ಮೇಲೇರಲು ಬಯಸುತ್ತದಲ್ಲವೆ? ಆದ್ದರಿಂದ ಎರಡು ಅಂಚುಗಳ ಕೆಳಗೂ ಹಿಂದೂ ಮುಂದೂ ಕಟ್ಟಿದೆವು. ಅಂಚಿನಲ್ಲಿ ಅತಿಯಾದರೂ ಕಷ್ಟ: ಮಗುಚಿದ ದೋಣಿ ಎತ್ತರದಲ್ಲಿ ತೇಲಿ, ಅದನ್ನು ನೆಟ್ಟಗೆ ನಿಲ್ಲಿಸಲು ಹತ್ತಬೇಕಾದ ನಡುಹಲಗೆ ಚಿಕ್ಕ ಹುಡುಗಿಯ ಕೈಗೆ ಎಟುಕುವುದಿಲ್ಲ. ಕಂಬದ ತುದಿಗೂ ಒಂದು ಪುಟ್ಟ ಬೆಂಡು ಇದ್ದರೆ ದೋಣಿ ಪಕ್ಕಕ್ಕೆ ಮಲಗಿದರೂ ಸುಲಭವಾಗಿ ಬೋರಲಾಗದು. ಮಕ್ಕಳ 'ಆಪ್ಟಿಮಿಸ್ಟ್' ದೋಣಿಯಲ್ಲಿ ಈ ಕೆಲಸಕ್ಕೆ ಮೂರು ಗಾಳಿಚೀಲಗಳಿರುತ್ತವೆ; ಅಚ್ಚುಕಟ್ಟೇನೋ ಹೌದು, ಆದರೆ ಚೀಲಕ್ಕೆ ಮುಳ್ಳು ತಾಗಬಾರದು. ಫೋಮಿಗೆ ಆ ಭಯವಿಲ್ಲ. ಪಟ್ಟಿ ಮಾತ್ರ ಗಟ್ಟಿಯಾಗಿರಬೇಕು: 35 ಲೀಟರಿನ ಹಲಗೆಯೊಂದು ನೀರಿನಡಿಯಲ್ಲಿ ಸುಮಾರು 34 ಕಿಲೋ ಬಲದಿಂದ ಮೇಲಕ್ಕೆ ಜಗ್ಗುತ್ತದೆ.

ಪರೀಕ್ಷೆಯನ್ನು ಎದೆಮಟ್ಟದ ನೀರಿನಲ್ಲಿ ಮಾಡಿದೆವು. ಹುಡುಗಿ ಜೀವರಕ್ಷಕ ಜಾಕೆಟ್ ತೊಟ್ಟು ತಾನೇ ದೋಣಿಯನ್ನು ಮಗುಚಿದಳು, ನಗುತ್ತ. ತಾತನ ಮುಖದಲ್ಲಿ ನಗೆಯಿರಲಿಲ್ಲ. ಎರಡನೆಯ ಸಲಕ್ಕೆ ದೋಣಿಯನ್ನು ಎದ್ದು ನಿಲ್ಲಿಸಿದಳು. ದಡ ಎಷ್ಟೇ ಹತ್ತಿರ ಕಂಡರೂ ದೋಣಿಯನ್ನು ಬಿಟ್ಟು ಈಜಬಾರದೆಂದು ಅವಳಿಂದ ಮಾತು ತೆಗೆದುಕೊಂಡೆವು; ನೀರಿನ ಮೇಲೆ ದೂರ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ.

ಪ್ರತಿ ಹಲಗೆಯ ಮೇಲೂ ಅದರ ತೂಕವನ್ನು ಬರೆದಿಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ, ತರಕಾರಿ ತೂಗುವ ತಕ್ಕಡಿಯಲ್ಲೇ ತೂಗಿದರಾಯಿತು. ತೂಕ ಏರಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಆ ಹಲಗೆಯನ್ನು ಬದಲಿಸಬೇಕು. ಇರುವೆಗಳು ಗೂಡು ಮಾಡಿವೆಯೆ ಎಂದೂ ನೋಡಬೇಕು. ಜಯನಗರದ ಇರುವೆಗಳಿಗೆ ಈ ಪದಾರ್ಥ ಬಲು ಇಷ್ಟ.