ಸಂತ್ರಸ್ತೆಯರ ಮನೋಚಿಕಿತ್ಸೆ ಮತ್ತು ತಾಯ್ನುಡಿ



ಲೈಂಗಿಕ ದೌರ್ಜನ್ಯಕ್ಕೊಳಗಾದ ಬಡ ಹೆಣ್ಣುಮಕ್ಕಳ ಮನೋಚಿಕಿತ್ಸೆಯೆಂಬ ವಿಷಯ ಸಂಘದ ವೇದಿಕೆಗೆ ತಕ್ಕುದೇ ಎಂಬ ಶಂಕೆ ಕೆಲವು ಹಿರಿಯರಲ್ಲಿತ್ತು. ಈ ಚಿಕಿತ್ಸೆಯ ಮೂಲದ್ರವ್ಯ ಭಾಷೆಯೇ ಆಗಿರುವುದರಿಂದ, ಇದನ್ನು ಭಾಷೆಯ ಹೆಸರಿನಲ್ಲಿ ಕೂಡಿದವರ ಮುಂದೆಯೇ ಮಂಡಿಸಬೇಕೆಂಬುದು ನನ್ನ ಅಭಿಮತ.

ಮೊದಲು ಕಾನೂನಿನ ಸ್ಥಿತಿಯನ್ನು ನೋಡೋಣ. 2012ರ ದಿಲ್ಲಿಯ ಘಟನೆಯ ನಂತರ, 2013ರ ತಿದ್ದುಪಡಿಯು ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಂದು ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಚಿಕಿತ್ಸೆ ನೀಡದವರಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. 2014ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಾನಸಿಕ ಆಸರೆಯೂ ಚಿಕಿತ್ಸೆಯ ಅಂಗವೆಂದು ಬರೆದಿದೆ. 2015ರಿಂದ ‘ಸಖಿ’ ಕೇಂದ್ರಗಳು ಬಂದಿವೆ. ಕಾಗದದ ಮೇಲೆ ದೊಡ್ಡ ಕೊರತೆಯೇನೂ ಇಲ್ಲ. ಆದರೆ ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಒಂದು ಸಂಗತಿ ಗೊತ್ತಿರುತ್ತದೆ: ‘ಸಮಾಲೋಚನೆ ನೀಡಲಾಯಿತು’ ಎಂಬ ಅಂಕಣದಲ್ಲಿ ಗುರುತು ಹಾಕುವುದಕ್ಕಿಂತ ಸುಲಭದ ಕೆಲಸ ಬೇರೊಂದಿಲ್ಲ. ಯಾವ ಭಾಷೆಯಲ್ಲಿ ನೀಡಲಾಯಿತು ಎಂದು ಕೇಳುವ ಅಂಕಣವನ್ನು ನಾನು ಎಲ್ಲಿಯೂ ಕಂಡಿಲ್ಲ.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮುಂಬಯಿ, ಪುಣೆ, ಗೋವೆಗಳಿಗೆ ಗುಳೆ ಬರುವವರನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ಬಹುಮಹಡಿ ಕಟ್ಟಡಗಳ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದಾರೆ. ತಗಡಿನ ಗುಡಿಸಲಲ್ಲಿ ವಾಸ, ಬಾಗಿಲಿಗೆ ಅಗುಳಿಯಿಲ್ಲ, ಶೌಚಕ್ಕೆ ಕತ್ತಲಾಗಬೇಕು. ಅಂಥಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ದೌರ್ಜನ್ಯ ನಡೆಯಿತೆನ್ನಿ. ಆಸ್ಪತ್ರೆಯಲ್ಲಿ ಮಾತು ಮರಾಠಿ ಅಥವಾ ಹಿಂದಿ. ಆಕೆಯದು ಕನ್ನಡ, ಅದೂ ನಮ್ಮ ಪುಸ್ತಕದ ಕನ್ನಡವಲ್ಲ. ಆಗ ಎರಡು ಭಾಷೆ ಬಲ್ಲವನೆಂದು ಮುಂದೆ ಬರುವವನು ಯಾರು? ಮುಕಾದಮ. ಕೂಲಿ ಕೊಡುವವನೂ ಅವನೇ, ಸಾಲದ ಲೆಕ್ಕ ಇಟ್ಟವನೂ ಅವನೇ. ಅಪರಾಧಿ ಅವನ ಬಂಧುವೋ, ಅವನೇ ಸ್ವತಃವೋ ಆಗಿರಬಹುದು. ಅವನ ಬಾಯಿಯ ಮೂಲಕ ಆಕೆ ಏನನ್ನು ಹೇಳಿಯಾಳು?

ಮುಕಾದಮನಿಲ್ಲದಾಗಲೂ ತೊಡಕು ತೀರುವುದಿಲ್ಲ. ಆಘಾತಕ್ಕೊಳಗಾದ ಮನಸ್ಸು ತನ್ನ ನೋವನ್ನು ಬಹುಮಟ್ಟಿಗೆ ದೇಹದ ಮಾತಿನಲ್ಲಿ ಹೇಳುತ್ತದೆ. ‘ಎದಿ ಧಸಕ್ ಅಂತದ’, ‘ಮೈಮ್ಯಾಲ ಖಬರ ಇರಂಗಿಲ್ಲ’ ಎಂಬ ಮಾತುಗಳು ಅರೆಬರೆ ಹಿಂದಿಗೆ ತಿರುಗಿದರೆ ಎದೆನೋವು, ತಲೆಸುತ್ತು ಎಂದಾಗಿ, ಗುಳಿಗೆ ಕೊಟ್ಟು ಕಳುಹಿಸುವಲ್ಲಿಗೆ ಮುಗಿಯಬಹುದು. ಮೊದಲನೆಯದು ಘಟನೆ ಮತ್ತೆ ಕಣ್ಮುಂದೆ ಬಂದಾಗಿನ ಭಯವಿರಬಹುದು. ಎರಡನೆಯದು, ತಾಳಲಾರದ ನೆನಪಿನಿಂದ ಮನಸ್ಸು ತನ್ನನ್ನು ತಾನೇ ಬೇರ್ಪಡಿಸಿಕೊಳ್ಳುವ ಸ್ಥಿತಿಯಿರಬಹುದು. ಬಲ್ಲವರಿಗೆ ಇವು ಆಘಾತದ ಸ್ಪಷ್ಟ ಕುರುಹುಗಳು.

ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲದ ದೇಶದಲ್ಲಿ ಇಂಥ ಚಿಕಿತ್ಸೆ ಬಡವರಿಗೆ ದಕ್ಕೀತೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಒಳ್ಳೆಯ ಉತ್ತರ ನಮಗಿಂತಲೂ ಬಡವಾದ, ಯುದ್ಧದಿಂದ ಜರ್ಜರಿತವಾದ ನಾಡೊಂದರಿಂದ ಬಂದಿದೆ. ಪೂರ್ವ ಕಾಂಗೋದ ಹಳ್ಳಿಗಳಲ್ಲಿ ಲೈಂಗಿಕ ಹಿಂಸೆಗೊಳಗಾದ ಮಹಿಳೆಯರಿಗೆ ಗುಂಪಿನಲ್ಲಿ ಚಿಕಿತ್ಸೆ ನೀಡಿದ ಪ್ರಯೋಗದ ವರದಿ 2013ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ. ಪ್ರಾಥಮಿಕ ಶಾಲೆಯ ನಂತರ ಕನಿಷ್ಠ 4 ವರ್ಷ ಓದಿ, ವಿಶೇಷ ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ‘ನನ್ನ ತಪ್ಪಿನಿಂದಲೇ ಹೀಗಾಯಿತು’, ‘ಇನ್ನು ಯಾರನ್ನೂ ನಂಬಲಾಗದು’ ಎಂಬಂಥ ಯೋಚನೆಗಳನ್ನು ಗುರುತಿಸಿ, ಅವು ಎಷ್ಟು ನಿಜವೆಂದು ಮೆಲ್ಲಮೆಲ್ಲನೆ ಪರೀಕ್ಷಿಸುವುದು ಈ ಚಿಕಿತ್ಸೆಯ ತಿರುಳು. ಓದುಬರಹ ಬಾರದವರಿಗಾಗಿ ಬರೆಯುವ ಅಭ್ಯಾಸಗಳನ್ನು ಬಾಯಿಪಾಠಕ್ಕೆ ಒಗ್ಗಿಸಿದರು. ಒಟ್ಟು 12 ಬೈಠಕ್ಕುಗಳು. ಆರು ತಿಂಗಳ ನಂತರ ನೋಡಿದಾಗ, ಬರಿಯ ವೈಯಕ್ತಿಕ ಆಸರೆ ದೊರೆತವರಲ್ಲಿ ಶೇಕಡಾ 42ರಷ್ಟು ಜನರಲ್ಲಿ ಖಿನ್ನತೆ ಅಥವಾ ಆತಂಕದ ಲಕ್ಷಣಗಳು ತೀವ್ರವಾಗಿ ಉಳಿದಿದ್ದವು. ಗುಂಪು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 9ರಷ್ಟು ಮಾತ್ರ. ಆದರೆ ತರಬೇತಿ ಮುಗಿಸಿ ಅವರನ್ನು ತಮ್ಮ ಪಾಡಿಗೆ ಬಿಟ್ಟಿರಲಿಲ್ಲ. ಅನುಭವಿಗಳ ಮೇಲ್ವಿಚಾರಣೆ ಉದ್ದಕ್ಕೂ ಇತ್ತು. ಅಗ್ಗದ ಯೋಜನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ.

ತಜ್ಞರಲ್ಲದವರಿಗೆ ಕಲಿಸಿ ಕೆಲಸ ತೆಗೆಯುವುದು ಕರ್ನಾಟಕಕ್ಕೆ ಹೊಸತಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟ ಮಾದರಿಯೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮವಾಯಿತು. 2022ರಲ್ಲಿ ಆರಂಭವಾದ 14416 ಎಂಬ ದೂರವಾಣಿ ಸೇವೆಯೂ ಉಪಯುಕ್ತವೇ. ಆದರೆ ಗಂಡನ ಜೇಬಿನ ಫೋನು, ಗೋಡೆಯಿಲ್ಲದ ಮನೆ. ಆಕೆ ಯಾವ ಮೂಲೆಗೆ ಹೋಗಿ ಮಾತನಾಡಬೇಕು?

ಇಲ್ಲಿ ಮುಂಬಯಿಯಲ್ಲಿ, ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಈ ಶತಮಾನದ ಆರಂಭದಲ್ಲಿ ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಕೂಡಿ ತೆರೆದ ‘ದಿಲಾಸಾ’ ಕೇಂದ್ರ, ದೌರ್ಜನ್ಯಕ್ಕೊಳಗಾದ ಮಹಿಳೆಯರ ಸಮಾಲೋಚನೆಯನ್ನು ಸಾರ್ವಜನಿಕ ಆಸ್ಪತ್ರೆಯ ಒಳಗೇ ತಂದಿತು. ಮುಂದೆ ನಗರದ ಬೇರೆ ಆಸ್ಪತ್ರೆಗಳಿಗೂ ಅದು ಹಬ್ಬಿತು. ನಾವು ಸಮಾನಾಂತರವಾಗಿ ಏನನ್ನೋ ಕಟ್ಟಹೊರಡುವುದು ಬೇಡ. ಇಂಥ ಕೇಂದ್ರಗಳಿಗೆ ಕನ್ನಡ ಬಲ್ಲ ತರಬೇತಾದ ಮಹಿಳೆಯರನ್ನು ಒದಗಿಸುವ ಕೆಲಸ ನಮ್ಮಿಂದಾದೀತು. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆ ದುಭಾಷಿಯ ನೆರವನ್ನು ಸ್ಪಷ್ಟವಾಗಿ ಹೇಳಿದೆ. ವಯಸ್ಕರಿಗೂ ಅದರ ಅಗತ್ಯ ಕಡಿಮೆಯೇನಲ್ಲ.

ದುಭಾಷಿಣಿಯ ಕೆಲಸ ಸಲೀಸಾದುದಲ್ಲ. ಹೇಳಿದ್ದನ್ನು ಹೇಳಿದಂತೆಯೇ ದಾಟಿಸಬೇಕು. ಮರ್ಯಾದೆಗೆಂದು ಶಬ್ದ ಬದಲಿಸಬಾರದು. ‘ಆದದ್ದಾಯಿತು, ಮರೆತುಬಿಡವ್ವ’ ಎಂದು ತನ್ನ ಸಮಾಧಾನವನ್ನು ನಡುವೆ ಸೇರಿಸಬಾರದು. ಆಕೆ ಹೇಳಲೊಲ್ಲದ್ದನ್ನು ಕೆದಕಬಾರದು. ಎಲ್ಲಕ್ಕಿಂತ ಕಠಿಣವಾದುದು ಮೌನ. ‘ಯಾವೂರು, ಯಾರ ಪೈಕಿ’ ಎಂದು ವಿಚಾರಿಸದೆ ನಮ್ಮಲ್ಲಿ ಪರಿಚಯವೇ ಆರಂಭವಾಗದು. ಬೇರೆಡೆ ಸೊಗಸಾದ ಈ ರೂಢಿ ಇಲ್ಲಿ ಅಪಾಯಕಾರಿ. ಸಂಘದ ಸಮಾರಂಭದಲ್ಲಿ ಆಡಿದ ಒಂದು ಮಾತು ವಾರದೊಳಗೆ ಆಕೆಯ ಊರು ಮುಟ್ಟಬಲ್ಲುದು. ಮಾತು ಹೊರಬೀಳುವುದೆಂಬ ಭಯ ಹುಟ್ಟಿದರೆ ನಮ್ಮ ಕನ್ನಡಕ್ಕಿಂತ ಪರಭಾಷೆಯ ಅಪರಿಚಿತೆಯೇ ಆಕೆಗೆ ಲೇಸೆನಿಸುತ್ತದೆ. ಆದ್ದರಿಂದ ಕಿರಿದಾದ, ಆಯ್ದ ಪಟ್ಟಿಯೇ ಸಾಕು.

ಕಾರ್ಯದರ್ಶಿಗಳ ಬಳಿ ಒಂದು ವಹಿಯನ್ನು ಇರಿಸಲಾಗಿದೆ. ಉತ್ತರ ಕರ್ನಾಟಕದ ಮಾತು ಬಲ್ಲ, ವಾರಕ್ಕೊಂದು ದಿನವನ್ನಾದರೂ ಕೊಡಬಲ್ಲ ಸೋದರಿಯರು ಹೆಸರು ಬರೆಯಬಹುದು. ಪದವಿ ಕಾಲಂ ಅದರಲ್ಲಿಲ್ಲ. ಊರ ಕಡೆಯ ಮಾತು ಯಾವುದು ಎಂಬ ಕಾಲಂ ಇದೆ.