ದಾನವೂ ದಾಸೋಹವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಈ ಶುಭಸಂದರ್ಭದಲ್ಲಿ ನಾಲ್ಕು ಮಾತನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದಾಗ, ವಿದ್ವಾಂಸನಲ್ಲದ ನಾನು ಏನು ಹೇಳಲೆಂದು ಹಲವು ದಿನ ಆಲೋಚಿಸಿದೆನು. ಶಾಸ್ತ್ರವಿಷಯವನ್ನು ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಇರುವರು. ನಾನಾದರೋ ಈ ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಬೆಳೆದವನು. ಆದುದರಿಂದ ಉಂಡ ಅನ್ನವನ್ನು ಕುರಿತೇ, ಎಂದರೆ ಕೊಡುವ ಕೈಗೂ ಕೊಳ್ಳುವ ಕೈಗೂ ಇರಬೇಕಾದ ಸಂಬಂಧವನ್ನು ಕುರಿತೇ ಮಾತನಾಡುವದು ಯುಕ್ತವೆಂದು ತೋರಿತು.

ನಮ್ಮ ಬಾಲ್ಯದಲ್ಲಿ ಸುಗ್ಗಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಂದ ಜೋಳದ ಚೀಲಗಳು ಮಠಕ್ಕೆ ಬರುತ್ತಿದ್ದವು. ಚೀಲವನ್ನಿಳಿಸಿದ ರೈತನು ಹಾಗೆಯೇ ಹಿಂದಿರುಗುತ್ತಿರಲಿಲ್ಲ. ಕೈಕಾಲು ತೊಳೆದುಕೊಂಡು ಹುಡುಗರ ಪಂಕ್ತಿಯಲ್ಲಿಯೇ ಪ್ರಸಾದಕ್ಕೆ ಕುಳ್ಳಿರುವನು. ಸಾರು ತೆಳ್ಳಗಾಗಿದ್ದರೆ ಅಡಿಗೆಯವರಿಗೆ ಆ ಮಾತನ್ನು ಹೇಳುವನು. 'ಈ ವರುಷ ಹುಡುಗರು ಹೆಚ್ಚಾಗಿರುವರಲ್ಲಾ, ಕಾಳು ಎಲ್ಲಿಯವರೆಗೆ ಸಾಕಾದೀತು?' ಎಂದು ಕೇಳುವನು. ಕೊಟ್ಟವನೂ ಆತನೇ, ಉಂಡವನೂ ಆತನೇ, ಲೆಕ್ಕ ಕೇಳುವವನೂ ಆತನೇ. ಅವನಿಗೆ ಬೇರೊಂದು ವರದಿಯನ್ನು ಬರೆದು ಕಳಿಸುವ ಅವಶ್ಯಕತೆ ಯಾರಿಗೂ ಬೀಳಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಾನು ಗ್ರಂಥದಿಂದ ಕಲಿಯುವ ಮೊದಲು ಆ ಪಂಕ್ತಿಯಲ್ಲಿ ಕಲಿತೆನು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕನು.

ಈ ಭೇದವು ನಮ್ಮ ಮಠಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಇಂದು ಜಗತ್ತಿನಾದ್ಯಂತ ಕೋಟ್ಯವಧಿ ಹಣವು ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಸೇವಾರ್ಥವಾಗಿ ಹರಿಯುತ್ತಿರುವದು. ಆ ಹಣವನ್ನು ಯಾರ ಕೈಯಲ್ಲಿ ಕೊಡಬೇಕು, ಅದರ ವಿನಿಯೋಗವನ್ನು ಯಾರು ನಿರ್ಣಯಿಸಬೇಕು ಎಂಬ ಪ್ರಶ್ನೆಯು ಕೆಲವು ವರುಷಗಳಿಂದ ಬಲವಾಗಿ ಎದ್ದಿದೆ. ಹಣವು ಊರಿಗೆ ಹೋದರೆ ಸಾಲದು, ನಿರ್ಣಯವೂ ಊರಿಗೆ ಹೋಗಬೇಕು ಎಂಬದೇ ಇಂದಿನ ನನ್ನ ವಿಜ್ಞಾಪನೆ. ಇದಕ್ಕೆ ಕೆಲವು ದೃಷ್ಟಾಂತಗಳನ್ನು ಕೊಡುವೆನು.

ಮೊದಲನೆಯದು ಅಮೇರಿಕ ದೇಶದ್ದು. ಶಿಕಾಗೋ ನಗರದ ದೊಡ್ಡ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡನು 1912ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದ ನಿಮಿತ್ತ 25,000 ಡಾಲರುಗಳನ್ನು ಟಸ್ಕೆಗೀ ವಿದ್ಯಾಸಂಸ್ಥೆಗೆ ಕೊಟ್ಟನು. ಅದರ ಮುಖ್ಯಸ್ಥರಾದ ಬೂಕರ್ ಟಿ. ವಾಶಿಂಗ್ಟನ್ನರು ಅದರಲ್ಲಿ ಉಳಿದ ಅಲ್ಪ ಹಣದಿಂದ ಹಳ್ಳಿಗಳಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಆರು ಶಾಲೆಗಳನ್ನು ಕಟ್ಟಿಸುವೆವೆಂದು ಕೇಳಿಕೊಂಡರು. ಈ ಚಿಕ್ಕ ಆರಂಭದಿಂದ 1932ರ ಹೊತ್ತಿಗೆ ದಕ್ಷಿಣದ 15 ಸಂಸ್ಥಾನಗಳಲ್ಲಿ ಸುಮಾರು 5,000 ಶಾಲೆಗಳಾದವು. ದಾನಿಯು ಪೂರ್ಣ ಹಣವನ್ನು ಕೊಡಲಿಲ್ಲ. ಊರವರೂ ಸರಕಾರವೂ ಕೂಡಿಸಬೇಕೆಂಬ ನಿಯಮವಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾಗಿ ಎರಡು ತಲೆಮಾರು ಕಳೆಯದ ಬಡ ರೈತರು ಹೊಲದ ಒಂದು ತುಂಡನ್ನು ಶಾಲೆಗೆಂದು ಮೀಸಲಿಟ್ಟು ಹತ್ತಿ ಬೆಳೆದರು, ಭೂಮಿ ಕೊಟ್ಟರು, ಮರ ಕಡಿದು ತಂದರು. ಕೊನೆಗೆ ಲೆಕ್ಕ ಹಾಕಿದಾಗ ರೋಸೆನ್‌ವಾಲ್ಡನ ಪಾಲು ಸುಮಾರು 43 ಲಕ್ಷ ಡಾಲರು, ಆ ಬಡವರ ಪಾಲು ಸುಮಾರು 47 ಲಕ್ಷ ಡಾಲರು! ಶಾಲೆಗಳಿಗೆ ಲೋಕವು ರೋಸೆನ್‌ವಾಲ್ಡನ ಹೆಸರನ್ನಿಟ್ಟಿತು. ಆದರೆ ಅವನಿಗಿಂತ ಹೆಚ್ಚು ಕೊಟ್ಟವರು ಅಲ್ಲಿ ಕಲಿತ ಮಕ್ಕಳ ತಂದೆತಾಯಿಗಳು.

ಈ ಕಥೆಗೆ ಇನ್ನೊಂದು ಮುಖವಿರುವದು, ಅದನ್ನು ಮರೆಮಾಡಕೂಡದು. ಆ ರೈತರು ಸರಕಾರಕ್ಕೆ ಕರವನ್ನು ಮೊದಲೇ ತೆತ್ತಿದ್ದರು. ಅವರ ಕರದಿಂದ ಬಿಳಿಯರ ಮಕ್ಕಳಿಗೆ ಒಳ್ಳೆಯ ಶಾಲೆಗಳಾಗಿ, ಅವರ ಮಕ್ಕಳಿಗೆ ಅವರು ಎರಡನೆಯ ಸಲ ಹಣ ತೆರಬೇಕಾಯಿತು. ಹೀಗೆ ಅನ್ಯಾಯ ಮಾಡಿದ ಶಾಲಾ ಮಂಡಳಿಗಳೂ ಊರಿನವೇ ಆಗಿದ್ದವು! ಆದುದರಿಂದ 'ಸ್ಥಳೀಯರು' ಎಂದ ಮಾತ್ರಕ್ಕೆ ನ್ಯಾಯವು ದೊರೆಯಲಾರದು. ಊರಿನಲ್ಲಿ ಗೌಡನೂ ಇರುವನು, ಊರ ಹೊರಗಿನ ಕೇರಿಯೂ ಇರುವದು. ಯಾರಿಗೆ ನೋವಾಗಿದೆಯೋ ಅವರ ಕೈಗೆ ನಿರ್ಣಯವು ಬಂದಾಗ ಮಾತ್ರ ಅದು ಊರಿಗೆ ಬಂತೆಂದು ಹೇಳಬೇಕು.

ಎರಡನೆಯ ದೃಷ್ಟಾಂತವು ನೆರೆಯ ಬಾಂಗ್ಲಾದೇಶದ್ದು. ಫಜ್ಲೆ ಹಸನ್ ಅಬೇದರು ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ, 1972ರಲ್ಲಿ ಯುದ್ಧದಿಂದ ಹಾಳಾದ ಹಳ್ಳಿಗಳ ಸೇವೆಗಾಗಿ ಬ್ರ್ಯಾಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ದೇಶದಲ್ಲಿ ಭೇದಿಯಿಂದ ಅಸಂಖ್ಯ ಕೂಸುಗಳು ಸಾಯುತ್ತಿದ್ದವು. ಬ್ರ್ಯಾಕ್ ಸಂಸ್ಥೆಯು 1980ರಿಂದ ಹತ್ತು ವರುಷ ಹಳ್ಳಿಯ ಹೆಣ್ಣುಮಕ್ಕಳನ್ನೇ ಮನೆಮನೆಗೆ ಕಳಿಸಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅಳತೆಯ ನೀರು ಕೂಡಿಸಿ ಜೀವ ಉಳಿಸುವ ಪಾನಕವನ್ನು ಮಾಡುವ ವಿಧಾನವನ್ನು ಒಂದು ಕೋಟಿಗೂ ಮಿಕ್ಕ ಮನೆಗಳ ತಾಯಂದಿರಿಗೆ ಕಲಿಸಿತು. ಕಲಿಸಿದವಳ ಸಂಬಳವು ಅವಳು ನಡೆದ ಮನೆಗಳ ಸಂಖ್ಯೆಯನ್ನಷ್ಟೇ ಅವಲಂಬಿಸಿರಲಿಲ್ಲ. ಕೆಲವು ದಿನಗಳ ಮೇಲೆ ಬೇರೊಬ್ಬರು ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿದೆಯೆಂಬದರ ಮೇಲೆ ಅವಳಿಗೆ ಸಂಬಳ. ಹಣದ ಬಹುಭಾಗವು ಪರದೇಶದಿಂದ ಬಂದಿತ್ತು. ಆದರೆ ಉಪಾಯವೂ, ಭಾಷೆಯೂ, ನಡೆದ ಕಾಲುಗಳೂ ಆ ದೇಶದವೇ. ಪರದೇಶದ ಕಚೇರಿಯಲ್ಲಿ ಕುಳಿತವನಿಗೆ ಪ್ರತಿಯೊಂದು ಗುಡಿಸಲಿನಲ್ಲಿ ಬೆಲ್ಲವಿರುವದೆಂಬ ಅರಿವು ಎಲ್ಲಿಂದ ಬರಬೇಕು?

ಊರವರನ್ನು ಕೇಳದೆ ಮಾಡಿದರೆ ಏನಾಗುವದೆಂಬದನ್ನು ಪಶ್ಚಿಮ ಆಫ್ರಿಕದಲ್ಲಿ ನೋಡಿದೆವು. 2014ರಲ್ಲಿ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಎಂಬ ಮಹಾಮಾರಿ ಹಬ್ಬಿ 11,000ಕ್ಕೂ ಮಿಕ್ಕ ಜನರು ತೀರಿಕೊಂಡರು. ಶವವನ್ನು ತೊಳೆಯುವದರಿಂದ ರೋಗವು ಅಂಟುತ್ತಿದ್ದ ಕಾರಣ, ಅಪರಿಚಿತರು ಬಂದು ಹೆಣವನ್ನು ಚೀಲದಲ್ಲಿ ಹಾಕಿಕೊಂಡು ಒಯ್ಯತೊಡಗಿದರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ. ಆದರೆ ತಂದೆಯ ಅಂತ್ಯಸಂಸ್ಕಾರವನ್ನು ಕಾಣದ ಮಗನು ಮುಂದಿನ ಹೆಣವನ್ನು ಬಚ್ಚಿಟ್ಟನು. ರೋಗವು ಇನ್ನಷ್ಟು ಹಬ್ಬಿತು. ಆ ಮೇಲೆ ಇಮಾಮರನ್ನೂ ಪಾದ್ರಿಗಳನ್ನೂ ಊರ ಹಿರಿಯರನ್ನೂ ಕರೆದು ಕೇಳಿ, ಪ್ರಾರ್ಥನೆಗೂ ಬಿಳಿಯ ವಸ್ತ್ರಕ್ಕೂ ಆಸ್ಪದ ಕೊಟ್ಟು, ಬಂಧುಗಳು ದೂರದಲ್ಲಿ ನಿಂತು ನೋಡುವಂತೆ ವಿಧಿಯನ್ನು ತಿದ್ದಿದರು. ಜನರ ಸಹಕಾರವು ಆಗ ದೊರೆಯಿತು.

ಇವೆಲ್ಲವನ್ನೂ ಬಲ್ಲ ದೊಡ್ಡ ದಾನಿಗಳು 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್ ನಗರದಲ್ಲಿ ಸೇರಿ, 2020ರ ಹೊತ್ತಿಗೆ ಆಪತ್ಕಾಲದ ನೆರವಿನ ನೂರಕ್ಕೆ 25 ಪಾಲನ್ನು ಆಯಾ ದೇಶದ ಸಂಸ್ಥೆಗಳಿಗೆ ಸಾಧ್ಯವಾದಷ್ಟು ನೇರವಾಗಿ ಕೊಡುವೆವೆಂದು ವಚನವಿತ್ತರು. 2020 ಬಂದಾಗ ನೇರವಾಗಿ ತಲುಪಿದ ಪಾಲು ನೂರಕ್ಕೆ ಐದೂ ಆಗಿರಲಿಲ್ಲ. ಅಮೇರಿಕ ಸರಕಾರದ ನೆರವಿನ ಇಲಾಖೆಯಾದ ಯುಎಸ್ಏಡ್ 2021ರಲ್ಲಿ, ನಾಲ್ಕು ವರುಷಗಳಲ್ಲಿ ತಾನೂ ನೂರಕ್ಕೆ 25ನ್ನು ಸ್ಥಳೀಯರಿಗೆ ಕೊಡುವೆನೆಂದು ಸಾರಿತು. ಮರುವರುಷ ಅದು ನೂರಕ್ಕೆ ಹತ್ತರ ಸುಮಾರಿಗೆ ಬಂದಿತ್ತು. ಗುರಿ ಮುಟ್ಟುವ ಮೊದಲೇ, 2025ರ ಜುಲೈ 1ರಂದು ಆ ಇಲಾಖೆಯೇ ತನ್ನ ಕಾರ್ಯವನ್ನು ನಿಲ್ಲಿಸಿತು.

ವಚನವು ಏಕೆ ಈಡೇರಲಿಲ್ಲ? ದಾನಿಗಳೆಲ್ಲರೂ ದುಷ್ಟರೆಂದು ಹೇಳುವದು ಸುಲಭ, ಆದರೆ ಸತ್ಯವಲ್ಲ. ಒಂದು ಕೋಟಿಯ ಒಂದು ಪತ್ರವನ್ನು ಪರಿಶೀಲಿಸಲು ಎಷ್ಟು ಶ್ರಮವೋ ಒಂದು ಲಕ್ಷದ ಪತ್ರಕ್ಕೂ ಅಷ್ಟೇ ಶ್ರಮ. ಆದುದರಿಂದ ಅಧಿಕಾರಿಯು ದೊಡ್ಡ ಸಂಸ್ಥೆಯೊಂದಕ್ಕೆ ಇಡಿಯಾಗಿ ಕೊಟ್ಟು ನಿಶ್ಚಿಂತನಾಗುವನು. ಆ ಸಂಸ್ಥೆಯು ತನ್ನ ಖರ್ಚನ್ನು ಇಟ್ಟುಕೊಂಡು ಕೆಳಗಿನ ಸಂಸ್ಥೆಗೆ ಕೊಡುವದು. ಕೊನೆಯಲ್ಲಿರುವ ಊರ ಸಂಘಕ್ಕೆ ಕೆಲಸದ ಹಣ ಮಾತ್ರ ಬರುವದು. ಬಾಡಿಗೆ, ದೀಪ, ಗುಮಾಸ್ತನ ಸಂಬಳಕ್ಕೆ ಏನೂ ಬಾರದು. ಅರ್ಜಿಗಳು ಪರಭಾಷೆಯಲ್ಲಿ. ಊರ ಸಂಘವು ತರಬೇತಿ ಮಾಡಿದ ತರುಣನನ್ನು ದೊಡ್ಡ ಸಂಸ್ಥೆಯೇ ಹೆಚ್ಚಿನ ಸಂಬಳಕ್ಕೆ ಕರೆದುಕೊಳ್ಳುವದು. ಆ ಮೇಲೆ 'ಊರವರಿಗೆ ಸಾಮರ್ಥ್ಯವಿಲ್ಲ' ಎಂಬ ವರದಿ! ನೀರೆರೆಯದೆ ಗಿಡವು ಒಣಗಿತೆಂದು ದೂರುವದು ಯಾವ ನ್ಯಾಯ?

ಸಾಮರ್ಥ್ಯವಿದೆಯೋ ಇಲ್ಲವೋ ಎಂಬದನ್ನು ಸುಡಾನ ದೇಶವು ತೋರಿಸಿತು. ಅಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಹೊತ್ತಿಕೊಂಡಿತು. ಪರದೇಶದ ಸೇವಕರಲ್ಲಿ ಬಹುಮಂದಿ ರಾಜಧಾನಿಯನ್ನು ಬಿಟ್ಟು ತೆರಳಬೇಕಾಯಿತು. ಓಣಿ ಓಣಿಯ ತರುಣ ತರುಣಿಯರು 'ತುರ್ತು ಸೇವೆಯ ಕೋಣೆ'ಗಳೆಂಬ ಕೂಟಗಳನ್ನು ಕಟ್ಟಿಕೊಂಡು, ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಸಾಗಿಸಿದರು. ನೀರು, ಔಷಧ ಒದಗಿಸಿದರು. ಸಾಮೂಹಿಕ ಅಡಿಗೆಮನೆಗಳನ್ನು ನಡೆಸಿದರು. ಊರೆಲ್ಲ ಕೂಡಿ ದುಡಿಯುವ ಪದ್ಧತಿಗೆ ಅವರು 'ನಫೀರ್' ಎನ್ನುವರು. ಬಂದವರಿಗೆಲ್ಲ ಅನ್ನವಿಕ್ಕುವ ಅಡಿಗೆಮನೆಗೆ ಅವರ ಸೂಫಿ ಸಂತರ ಕಾಲದಿಂದ ಬಂದ ಹೆಸರಿರುವದು. ನಮ್ಮ ದಾಸೋಹವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2025ರಲ್ಲಿ ಆ ಕೂಟಗಳಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯು ದೊರೆಯಿತು. ಆದರೆ ಅದೇ ವರುಷದ ಆರಂಭದಲ್ಲಿ ಅಮೇರಿಕದ ಹಣವು ಒಮ್ಮೆಲೇ ನಿಂತಾಗ, ಸಾವಿರಕ್ಕೂ ಹೆಚ್ಚು ಅಡಿಗೆಮನೆಗಳು ಮುಚ್ಚಿದವೆಂದು ವರದಿಯಾಯಿತು. ಕೈಗಳು ಊರವು, ಒಲೆ ಊರದ್ದು. ಆದರೆ ಕಾಳು ಬರುವ ದಾರಿ ಒಂದೇ ಆಗಿತ್ತು, ಅದು ದೂರದ್ದಾಗಿತ್ತು. ಕಷ್ಟದಲ್ಲಿ ಕೆಲವನ್ನಾದರೂ ನಡೆಸಿಕೊಂಡು ಹೋದದ್ದು ಬಹುಮಟ್ಟಿಗೆ ಪರದೇಶಗಳಲ್ಲಿರುವ ಸುಡಾನಿಗಳು ಕಳಿಸಿದ ಹಣದಿಂದ.

ಹಾಗಾದರೆ ಮಾಡತಕ್ಕದ್ದೇನು? ಮೂರು ಮಾತುಗಳು. ಒಂದು: ಕೊಡುವವನು ಒಂದು ವರುಷಕ್ಕಲ್ಲ, ಹಲವು ವರುಷಗಳಿಗೆ ಮಾತುಕೊಡಲಿ, ಮತ್ತು ವಿನಿಯೋಗವನ್ನು ಸೇವೆ ಮಾಡುವವರಿಗೆ ಬಿಡಲಿ. ಇದು ಅಸಾಧ್ಯವಲ್ಲ. ಅಮೇರಿಕದ ಮೆಕೆಂಜಿ ಸ್ಕಾಟ್ ಎಂಬ ಮಹಿಳೆಯು 2020ರಿಂದ 2024ರವರೆಗೆ 2,000ಕ್ಕೂ ಹೆಚ್ಚು ಸಂಸ್ಥೆಗಳಿಗೆ 1,900 ಕೋಟಿ ಡಾಲರುಗಳಿಗೂ ಮಿಕ್ಕ ಹಣವನ್ನು, ಹೀಗೆಯೇ ಖರ್ಚುಮಾಡಿರೆಂಬ ನಿರ್ಬಂಧವಿಲ್ಲದೆ ಕೊಟ್ಟಿರುವಳು. ಎರಡು: ಲೆಕ್ಕವನ್ನು ದಾನಿಗೆ ಮಾತ್ರವಲ್ಲ, ಉಂಡವರ ಮುಂದೆಯೂ ಊರ ಭಾಷೆಯಲ್ಲಿ ಓದಬೇಕು. ಊರವರು ಹಣ ತಿಂದಾರೆಂಬ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಮೂರು: ಊರಿನದೂ ಒಂದು ಹಿಡಿ ಇರಲಿ. ನಮ್ಮ ದೇಶದ ಮಿಜೋರಾಮಿನ ತಾಯಂದಿರು 1910ರಿಂದ ಪ್ರತಿ ಅಡಿಗೆಯ ಹೊತ್ತಿನಲ್ಲಿ ಒಂದು ಹಿಡಿ ಅಕ್ಕಿಯನ್ನು ತೆಗೆದಿಟ್ಟು ಧರ್ಮಕಾರ್ಯಕ್ಕೆ ಕೊಡುತ್ತ ಬಂದಿರುವರು. ಬಡವರಿಂದ ಎರಡು ಸಲ ಕಿತ್ತುಕೊಳ್ಳಬೇಕೆಂದು ಇದರ ಅರ್ಥವಲ್ಲ. ತನ್ನದೊಂದು ಹಿಡಿ ಇದ್ದವನು ಲೆಕ್ಕ ಕೇಳಲು ಅಂಜುವದಿಲ್ಲ, ಇಷ್ಟೇ.

ಬಂಧುಗಳೇ, ದೂರದವರ ತಪ್ಪನ್ನು ಇಷ್ಟು ಹೊತ್ತು ಎಣಿಸಿದೆನು. ಇನ್ನು ನನ್ನದನ್ನು ಒಪ್ಪಿಸುವೆನು. ಉದ್ಯೋಗದ ನಿಮಿತ್ತ ದೂರ ದೇಶದಲ್ಲಿದ್ದಾಗ, ಹುಟ್ಟಿದ ಹಳ್ಳಿಯ ಶಾಲೆಗೆ ತಂದೆಯವರ ಹೆಸರಿನಲ್ಲಿ ವಾಚನಾಲಯದ ಕೋಣೆಯನ್ನು ಕಟ್ಟಿಸಿದೆನು. ನಕ್ಷೆಯನ್ನು ನಾನೇ ಕಳಿಸಿದೆನು. ಹೆಸರಿನ ಕಲ್ಲು ಎಲ್ಲಿರಬೇಕೆಂಬದನ್ನೂ ನಾನೇ ಬರೆದೆನು. ಅಲ್ಲಿಯ ಮುಖ್ಯೋಪಾಧ್ಯಾಯಿನಿಯವರು, ಹುಡುಗಿಯರಿಗೆ ಶೌಚಗೃಹವಿಲ್ಲ, ಮೊದಲು ಅದಾಗಲಿ ಎಂದು ಎರಡು ಸಲ ಕಾಗದ ಬರೆದಿದ್ದರು. ಅದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ. ಮೂರು ವರುಷಗಳ ಮೇಲೆ ಹೋಗಿ ನೋಡಿದರೆ ಕೋಣೆಗೆ ಬೀಗ. ದೊಡ್ಡ ಹುಡುಗಿಯರಲ್ಲಿ ಹಲವರು ಶಾಲೆಯನ್ನೇ ಬಿಟ್ಟಿದ್ದರು. ಕಲ್ಲಿನ ಮೇಲೆ ತಂದೆಯವರ ಹೆಸರು ಸ್ಪಷ್ಟವಾಗಿತ್ತು. ಅವರು ಬದುಕಿದ್ದರೆ ಆ ಕಲ್ಲನ್ನು ತಾವೇ ಕೀಳುತ್ತಿದ್ದರು. ಆ ಶೌಚಗೃಹವು ಆ ಮೇಲೆ ಆಯಿತು. ಬಿಟ್ಟುಹೋದ ಹುಡುಗಿಯರು ಹಿಂದಿರುಗಲಿಲ್ಲ. ನನ್ನ ದಾನದ ಬೆಲೆಯನ್ನು ತೆತ್ತವರು ಅವರು.

ಈ ಮಠದ ಮಕ್ಕಳು ಇಂದು ಅಮೇರಿಕ, ಇಂಗ್ಲೆಂಡು, ಕೊಲ್ಲಿ ದೇಶಗಳಲ್ಲಿ ಇರುವರು. ಈ ಮಹೋತ್ಸವದ ಸಂಚಿಕೆಯು ಅವರ ಕೈಗೂ ಹೋಗುವದು. ಊರಿಗೆ ಹಣ ಕಳಿಸುವ ಮೊದಲು ಒಂದು ಪ್ರಶ್ನೆಯನ್ನು ಕಳಿಸಿರಿ: 'ನಿಮಗೆ ಏನು ಬೇಕು?' ಉತ್ತರವು ನಿಮ್ಮ ಮನಸ್ಸಿಗೆ ಬಾರದಿದ್ದರೂ ಅದರಂತೆ ನಡೆಯಿರಿ. ಬಂದಾಗ ಆ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಣ್ಣಿರಿ. ಸಾರು ತೆಳ್ಳಗಿದ್ದರೆ ಅಲ್ಲಿಯೇ ತಿಳಿಯುವದು.