ಹ್ಯಾಮಲಿನ್‌ನ ಮೇಯರ್, ಬೊಮ್ಮನಹಳ್ಳಿಯ ಗೌಡ



2010ರಲ್ಲಿ ಪ್ರಕಟವಾಗಿ ಅಮೆರಿಕದ ಬಹುತೇಕ ರಾಜ್ಯಗಳು ಒಪ್ಪಿಕೊಂಡ ‘ಕಾಮನ್ ಕೋರ್’ ಮಾನದಂಡಗಳಲ್ಲಿ ಕಥೆಯ ದೇಶಕಾಲವನ್ನು ಹೋಲಿಸುವ ಅಭ್ಯಾಸಕ್ಕೊಂದು ಕ್ರಮವಿದೆ. ಎರಡನೆಯ ತರಗತಿಯ ಮಗು ಒಂದೇ ಕಥೆಯ ಭಿನ್ನ ಸಂಸ್ಕೃತಿಗಳ ರೂಪಗಳನ್ನು ಹೋಲಿಸುತ್ತದೆ. ಐದನೆಯದಕ್ಕೆ ಬರುವ ವೇಳೆಗೆ ಪಠ್ಯದ ನಿರ್ದಿಷ್ಟ ವಿವರಗಳನ್ನೇ ಆಧಾರವಾಗಿ ಒದಗಿಸಬೇಕಾಗುತ್ತದೆ. ಆದರೆ ತರಗತಿಗಳಲ್ಲಿ ಇದು ಸಾಮಾನ್ಯವಾಗಿ ಎರಡು ವೃತ್ತಗಳ ವೆನ್ ಚಿತ್ರದಲ್ಲಿ ಮುಗಿದುಹೋಗುತ್ತದೆ. ಒಂದು ವೃತ್ತದಲ್ಲಿ ‘ನಗರ’, ಇನ್ನೊಂದರಲ್ಲಿ ‘ಹಳ್ಳಿ’, ನಡುವೆ ‘ನದಿ’. ಇದು ಪಟ್ಟಿ, ಹೋಲಿಕೆಯಲ್ಲ.

ಕನ್ನಡ ಬಲ್ಲ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅವಕಾಶವೊಂದಿದೆ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವನ್ನು ಕುವೆಂಪು ಅವರು ವೇಸರ್ ನದಿಯ ಹ್ಯಾಮಲಿನ್‌ನಿಂದ ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿದರು. ಇಲಿಗಳು ಅವೇ, ಮುರಿದ ಮಾತೂ ಅದೇ, ಹಿಂದುಳಿದ ಕುಂಟ ಹುಡುಗನೂ ಇದ್ದಾನೆ. ಬದಲಾದದ್ದು ಊರು.

ಊರು ಬದಲಾದರೆ ಅಧಿಕಾರವೂ ಬದಲಾಗುತ್ತದೆ. ಹ್ಯಾಮಲಿನ್‌ನ ಜನ ಪುರಭವನಕ್ಕೆ ನುಗ್ಗಿ, ತಮ್ಮ ಹಣದಲ್ಲಿ ನಿಲುವಂಗಿ ತೊಟ್ಟ ಮೇಯರನನ್ನು ಹೊರಗಟ್ಟುವುದಾಗಿ ಬೆದರಿಸುತ್ತಾರೆ. ಬೊಮ್ಮನಹಳ್ಳಿಯಲ್ಲಿ ಆ ಸ್ಥಾನದಲ್ಲಿರುವವನು ಗೌಡ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಗೌಡಿಕೆ ವಂಶದಿಂದ ಬರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾನೂನು ಬಂದದ್ದು 1961ರಲ್ಲಿ. ಹತ್ತು ವರ್ಷದ ಮಗುವಿಗೆ ಇಷ್ಟು ಹೇಳಿ ಒಂದೇ ಪ್ರಶ್ನೆ ಕೇಳಿದರೆ ಸಾಕು: ಹ್ಯಾಮಲಿನ್‌ನವರ ಬೆದರಿಕೆಯನ್ನು ಬೊಮ್ಮನಹಳ್ಳಿಯವರು ಹಾಕಬಹುದಿತ್ತೆ? ಆಗ ದೇಶಕಾಲವೆಂಬುದು ಕಥೆಯ ಹಿಂದೆ ಇಳಿಬಿಟ್ಟ ಪರದೆಯಲ್ಲ, ಯಾರು ಯಾರಿಗೆ ಏನು ಹೇಳಬಹುದೆಂಬುದನ್ನು ನಿರ್ಧರಿಸುವ ಶಕ್ತಿ ಎಂಬುದು ಮಗುವಿಗೇ ಹೊಳೆಯುತ್ತದೆ.

ಇಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ವಲಸಿಗ ಮನೆಗಳದು: ‘ಅಲ್ಲಿ’ ಹಿಂದುಳಿದದ್ದು, ‘ಇಲ್ಲಿ’ ಮುಂದುವರಿದದ್ದು ಎಂಬ ಸಿದ್ಧ ಉತ್ತರ. ಹ್ಯಾಮಲಿನ್‌ನ ಮೇಯರನೂ ಕೊಟ್ಟ ಮಾತು ಮುರಿದನೆಂಬುದನ್ನು ಮಗುವಿಗೆ ನೆನಪಿಸಬೇಕು. ಎರಡನೆಯದು ಪ್ರಗತಿಪರರದು, ಈ ಸಭೆಗೆ ಹತ್ತಿರದ್ದು. ಬೊಮ್ಮನಹಳ್ಳಿಯಲ್ಲಿ ಕೇರಿ ಎಲ್ಲಿತ್ತು, ಅಲ್ಲಿಯ ಮಕ್ಕಳೂ ಜೋಗಿಯ ಹಿಂದೆ ಹೋದರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ದೊಡ್ಡವರೇ ತುಂಬಿಬಿಟ್ಟರೆ ಮಗು ಕಲಿಯುವುದು ಓದನ್ನಲ್ಲ, ಘೋಷಣೆಯನ್ನು. ಕವನದಲ್ಲಿ ಯಾರ ಮನೆ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂದು ಸಾಲುಸಾಲಾಗಿ ಹುಡುಕುವ ಕೆಲಸ ಮಗುವಿನದೇ ಆಗಬೇಕು. ಅದಕ್ಕೆ ಒಂದು ಪೂರ್ತಿ ತರಗತಿ ಹಿಡಿದರೂ ಚಿಂತೆಯಿಲ್ಲ.

ಬ್ರೌನಿಂಗ್ ಕವನದ ಕೊನೆಯಲ್ಲಿ ಟ್ರಾನ್ಸಿಲ್ವೇನಿಯದ ಒಂದು ಪರಕೀಯ ಜನಾಂಗದ ಉಲ್ಲೇಖವಿದೆ. ನೆರೆಹೊರೆಯವರು ಆ ಜನರ ವಿಚಿತ್ರ ಉಡುಪನ್ನೂ ನಡೆಯನ್ನೂ ಎತ್ತಿ ಆಡುತ್ತಾರೆ. ಅದಕ್ಕೆ ಕಾರಣ, ಅವರ ಪೂರ್ವಜರು ನೆಲದಡಿಯಿಂದ ಎದ್ದುಬಂದ ಹ್ಯಾಮಲಿನ್‌ನ ಮಕ್ಕಳೆಂಬುದು. ಇದು ಈ ಕಥೆಯ ಮೂರನೆಯ ಊರು. ಭಾನುವಾರದ ಕನ್ನಡ ತರಗತಿಗೆ ಬರುವ ಮಗು ಅದನ್ನು ಯಾವ ವೃತ್ತದೊಳಗೆ ಬರೆಯುತ್ತದೆ ಎಂಬುದನ್ನು ಶಿಕ್ಷಕರು ಕಾದು ನೋಡಬಹುದು.